ಸಹಾಯ ಬೇಕು: ಡ್ರಾಯಿಂಗ್ ಫಸ್ಟ್ ಆ್ಯಂಗಲ್ಲೋ, ಥರ್ಡ್ ಆ್ಯಂಗಲ್ಲೋ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಇಎನ್8 (ಒಂದು ಬಗೆಯ ಉಕ್ಕು) ಬ್ಲಾಕ್ 40 ಪೀಸ್ ಆರ್ಡರ್ ಬಂದಿದೆ. ಡ್ರಾಯಿಂಗ್ ಬಂದಿದ್ದು ವಾಟ್ಸಾಪ್ ಫೋಟೋದಲ್ಲಿ. ಟೈಟಲ್ ಬ್ಲಾಕ್ (ಡ್ರಾಯಿಂಗ್ ವಿವರ ಬರೆಯೋ ಚೌಕ) ಅರ್ಧ ಕಟ್ ಆಗಿದೆ. ವ್ಯೂಗಳನ್ನು ಫಸ್ಟ್ ಆ್ಯಂಗಲ್, ಥರ್ಡ್ ಆ್ಯಂಗಲ್ ಅನ್ನೋ ಎರಡು ಪದ್ಧತಿಗಳಲ್ಲಿ ಯಾವುದರಲ್ಲಿ ಜೋಡಿಸಿದ್ದಾರೆ ಅಂತ ಹೇಳೋ ಪ್ರೊಜೆಕ್ಷನ್ ಚಿಹ್ನೆ ಇರಬೇಕಾದ ಜಾಗವೇ ಇಲ್ಲ!

ಫ್ರಂಟ್ ವ್ಯೂ ಬಲಕ್ಕೆ ಸೈಡ್ ವ್ಯೂ ಇದೆ. ಅದರಲ್ಲೊಂದು ಟ್ಯಾಪ್ ಹೋಲ್ (ಒಳಗೆ ಥ್ರೆಡ್ ಇರೋ ತೂತು), ಆಳ 15 ಮಿಮೀ, ಆರಪಾರ ಅಲ್ಲ. ಥರ್ಡ್ ಆ್ಯಂಗಲ್ ಆದರೆ ಹೋಲ್ ಬಲಮುಖಕ್ಕೆ, ನಾವು ಕಲಿತ ಫಸ್ಟ್ ಆ್ಯಂಗಲ್ ಆದರೆ ಎಡಮುಖಕ್ಕೆ. ಫ್ರಂಟ್ ವ್ಯೂನಲ್ಲಿ ಹಿಡನ್ ಲೈನ್ (ಮರೆಯಲ್ಲಿರೋದನ್ನು ತೋರಿಸೋ ತುಂಡುಗೆರೆ) ಹಾಕಿದ್ದರೆ ತಲೆನೋವೇ ಇರುತ್ತಿರಲಿಲ್ಲ. ಟಾಪ್ ವ್ಯೂನೂ ಇಲ್ಲ.

ಅಳತೆಗಳೆಲ್ಲ ಮಿಮೀನಲ್ಲಿವೆ, ಆದರೆ ಥ್ರೆಡ್ ಮಾತ್ರ 1/4-20 ಯುಎನ್‌ಸಿ (ಅಮೆರಿಕದ ಇಂಚು ಅಳತೆಯ ಥ್ರೆಡ್). ಹಾಗಾಗಿ ಮೂಲ ಅಮೆರಿಕದ್ದು, ಥರ್ಡ್ ಆ್ಯಂಗಲ್ ಇರಬಹುದು ಅಂತ ನನ್ನ ಅನುಮಾನ. ಅನುಮಾನದ ಮೇಲೆ 40 ಪೀಸ್ ಹೊಡೆಯೋಕೆ ಧೈರ್ಯ ಬರ್ತಿಲ್ಲ.

ಪರ್ಚೇಸ್‌ನವರಿಗೆ ಎರಡು ಸಲ ಫೋನ್ ಮಾಡಿದೆ. "ಡ್ರಾಯಿಂಗ್ ಪ್ರಕಾರ ಮಾಡಿ ಸಾರ್" ಅಂತಾರೆ ಅಷ್ಟೇ. ಪೂರ್ತಿ ಪಿಡಿಎಫ್ ಕೇಳಿದರೂ ಬಂದಿಲ್ಲ.

ಚಿಹ್ನೆ ಇಲ್ಲದಿದ್ದಾಗ ಯಾವ ಆ್ಯಂಗಲ್ ಅಂತ ಖಚಿತವಾಗಿ ತಿಳಿಯೋಕೆ ಬೇರೆ ದಾರಿ ಇದೆಯಾ? ಇಲ್ಲಾ, ಹೋಲ್ ಬಲಮುಖಕ್ಕೆ ಹಾಕಿದ ಐಸೊಮೆಟ್ರಿಕ್ (ಮೂರು ಮುಖ ಒಟ್ಟಿಗೆ ಕಾಣೋ) ಸ್ಕೆಚ್ ಕಳಿಸಿ ಬರಹದಲ್ಲಿ ಒಪ್ಪಿಗೆ ತಗೊಳ್ಳೋದೇ ಸರೀನಾ?