ಕಾರಿನ ಡ್ರೈವಿಂಗ್ ಡೇಟಾ ಇನ್ಶೂರೆನ್ಸ್‌ನವರಿಗೆ ಕೊಡಬೇಕಾ?

ಶಿರಾಗೇಟ್ ತುಮಕೂರು
ನಮಸ್ಕಾರ. ನಮ್ಮ ಹೊಸ ಕಾರಿನಲ್ಲಿ ಇ-ಸಿಮ್ (ಕಾರನ್ನೇ ಇಂಟರ್ನೆಟ್‌ಗೆ ಜೋಡಿಸುವ ಸಿಮ್) ಇದೆ. ಎಲ್ಲಿಗೆ ಹೋದೆ, ಎಷ್ಟು ಸ್ಪೀಡು, ಎಲ್ಲಿ ಜೋರಾಗಿ ಬ್ರೇಕ್ ಹಾಕಿದೆ, ಎಲ್ಲ ಆಪ್‌ನಲ್ಲಿ ಬರುತ್ತದೆ. ಈಗ ಇನ್ಶೂರೆನ್ಸ್ ರಿನೀವಲ್ ಟೈಮು. ಆ ಡೇಟಾ ಕೊಡಲು ಒಪ್ಪಿದರೆ ಪ್ರೀಮಿಯಂ ಕಡಿಮೆ ಆಗಬಹುದು ಅನ್ನುತ್ತಾರೆ ಏಜೆಂಟು. ನನಗೆ ಯಾಕೋ ಮನಸ್ಸೇ ಒಪ್ಪುತ್ತಿಲ್ಲ. ಕೊರಟಗೆರೆ ಕಡೆ ಹೋಗುವಾಗ ಕುರಿಮಂದೆ ಅಡ್ಡ ಬಂದರೆ ಗಕ್ಕನೆ ಬ್ರೇಕ್ ಹಾಕಲೇಬೇಕು, ಬಣ್ಣ ಬಳಿಯದ ಹಂಪ್ ಅಂತೂ ಹತ್ತಿರ ಬಂದ ಮೇಲೇ ಕಾಣುವುದು, ಅಲ್ವಾ? ಕಾರು ಬರೆದುಕೊಳ್ಳುವುದು ಬ್ರೇಕ್ ಮಾತ್ರ, ಕುರಿ ಉಳಿದದ್ದನ್ನಲ್ಲ. ಬೆಂಗಳೂರಲ್ಲಿ ಶಿಫ್ಟ್ ಮುಗಿಸಿ ನೆಲಮಂಗಲ ದಾಟುವಷ್ಟರಲ್ಲಿ ನಡುರಾತ್ರಿ ಆಗಿರುತ್ತದೆ. ಅದನ್ನೂ ರಿಸ್ಕ್ ಅಂತ ಲೆಕ್ಕ ಹಾಕುತ್ತಾರಾ?

ಕೋಲಾರ ಕಡೆಯವ
ಗಾಬರಿ ಬೇಡ ಸಾರ್. ಥರ್ಡ್ ಪಾರ್ಟಿ (ಬೇರೆಯವರಿಗೆ ಆದ ಹಾನಿಯ) ಪ್ರೀಮಿಯಂ ಸರ್ಕಾರ ಗೊತ್ತು ಮಾಡುವುದು, ನಿಮ್ಮ ಬ್ರೇಕ್ ನೋಡಿ ಅದು ಏರುವುದಿಲ್ಲ. ವ್ಯತ್ಯಾಸ ಆಗುವುದು ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆದ ಹಾನಿಯ) ಭಾಗದಲ್ಲಿ. 2022ರ ಜುಲೈನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಇದಕ್ಕೆ ಆಡ್-ಆನ್‌ಗಳಿಗೆ (ಪಾಲಿಸಿ ಜೊತೆ ಸೇರಿಸಿಕೊಳ್ಳುವ ಹೆಚ್ಚುವರಿ ಆಯ್ಕೆಗಳಿಗೆ) ಅನುಮತಿ ಕೊಟ್ಟಿತು: ಒಂದು ಎಷ್ಟು ಓಡಿಸುತ್ತೀರಿ ಅನ್ನುವುದರ ಮೇಲೆ, ಇನ್ನೊಂದು ಹೇಗೆ ಓಡಿಸುತ್ತೀರಿ ಅನ್ನುವುದರ ಮೇಲೆ. ಎರಡೂ ಕಡ್ಡಾಯ ಅಲ್ಲ. ನಮ್ಮ ಕಾರು ಜಾಸ್ತಿ ಮನೆ ಮುಂದೆಯೇ ನಿಂತಿರುತ್ತದೆ, ಅದಕ್ಕೆ ಕಿಲೋಮೀಟರ್ ಲೆಕ್ಕದ್ದು ತಗೊಂಡೆವು. ಓಡೋಮೀಟರ್ ಫೋಟೊ ಕಳಿಸಿದೆವು, ಮುಗೀತು. ಲೊಕೇಶನ್ ಯಾರೂ ಕೇಳಲಿಲ್ಲ.

ತಿಪಟೂರು ಹುಡುಗಿ
ಹೇಗೆ ಓಡಿಸುತ್ತೀರಿ ಅನ್ನುವ ಆಡ್-ಆನ್ ಮಾತ್ರ ಬೇಡವೇ ಬೇಡ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಮಾಡಿದ್ದು ಓದಿ. ಅವರ ‘ಸ್ಮಾರ್ಟ್ ಡ್ರೈವರ್’ ಅನ್ನುವ ಫೀಚರ್‌ನಿಂದ ಬ್ರೇಕು, ಸ್ಪೀಡು, ರಾತ್ರಿ ಓಡಾಟದ ವಿವರ ಲೆಕ್ಸಿಸ್‌ನೆಕ್ಸಿಸ್, ವೆರಿಸ್ಕ್ ಎಂಬ ಡೇಟಾ ಕಂಪನಿಗಳಿಗೆ ಹೋಗುತ್ತಿತ್ತು, ಅಲ್ಲಿಂದ ಇನ್ಶೂರೆನ್ಸ್‌ನವರಿಗೆ. ತಾವು ಅದಕ್ಕೆ ಸೇರಿದ್ದೇವೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ, ಪ್ರೀಮಿಯಂ ಏರಿದ ಮೇಲೆ ಹುಡುಕಿದಾಗ ಸಿಕ್ಕಿದ್ದು! 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ, ಜನರಲ್ ಮೋಟರ್ಸ್ 5 ವರ್ಷ ಅಂಥ ಕಂಪನಿಗಳಿಗೆ ಡೇಟಾ ಕೊಡಬಾರದು ಅನ್ನುವ ಆದೇಶ ಪ್ರಸ್ತಾಪಿಸಿತು. ಇದನ್ನು ಓದಿದ ಮೇಲೂ ಡಿಸ್ಕೌಂಟ್ ಆಸೆಗೆ ಒಪ್ಪಬೇಕಾ? ನಿಮ್ಮ ಕಾರು ಯಾವ ಆಸ್ಪತ್ರೆ ಮುಂದೆ ಎಷ್ಟು ಹೊತ್ತು ನಿಂತಿತ್ತು ಅನ್ನುವುದು ಇನ್ನೊಬ್ಬರಿಗೆ ಯಾಕೆ ಬೇಕು? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಶಿರಾಗೇಟ್ ತುಮಕೂರು
ಆಸ್ಪತ್ರೆ ವಿಷಯ ನನಗೆ ಹೊಳೆದೇ ಇರಲಿಲ್ಲ ಮೇಡಂ. ಕಾರು ತಗೊಳ್ಳುವ ದಿನ ಆಪ್‌ನಲ್ಲಿ ಶೋರೂಂ ಹುಡುಗನೇ ಎಲ್ಲದಕ್ಕೂ ‘ಒಪ್ಪಿದೆ’ ಒತ್ತಿಬಿಟ್ಟ. ಈಗ ವಾಪಸ್ ತಗೊಳ್ಳಬಹುದಾ?

ಚಿಂತಾಮಣಿ ರವಿ
ತಗೊಳ್ಳಬಹುದು ಅಣ್ಣ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಆಗಬೇಕು ಅಂತಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಆದರೆ ಮುಖ್ಯ ಭಾಗ ಜಾರಿಗೆ 18 ತಿಂಗಳ ಗಡುವು ಇದೆ. ಹಾಗಂತ ಸುಮ್ನೆ ಕೂರಬೇಡಿ. ಆಪ್‌ನಲ್ಲೂ ಕಾರಿನ ಸ್ಕ್ರೀನ್‌ನಲ್ಲೂ ಪ್ರೈವೆಸಿ ಸೆಟ್ಟಿಂಗ್ ನೋಡಿ. ಎಲ್ಲವನ್ನೂ ಒಂದೇ ಸಲ ಆಫ್ ಮಾಡಬೇಡಿ, ಕೆಲವು ಕಾರುಗಳಲ್ಲಿ ಎಸ್‌ಒಎಸ್ (ತುರ್ತು ಸಹಾಯದ) ಕಾಲ್ ಕೂಡ ನಿಲ್ಲುತ್ತದೆ, ರಾತ್ರಿ ಹೈವೇಲಿ ಓಡಾಡುವ ನಿಮಗೆ ಅದು ಬೇಕು. ಡೇಟಾ ಯಾರಿಗೆ ಕೊಟ್ಟಿದ್ದೀರಿ ಅಂತ ಕಂಪನಿಗೆ ಇಮೇಲ್ ಹಾಕಿ, ಫೋನಲ್ಲಿ ಕೇಳಿದರೆ ದಾಖಲೆ ಇರುವುದಿಲ್ಲ. ರಿನೀವಲ್ ಫಾರಂ ಮಾತ್ರ ಏಜೆಂಟ್ ಕೈಗೆ ಬಿಡದೆ ನೀವೇ ಕೂತು ತುಂಬಿಸಿ.