ಸಹಾಯ ಬೇಕು: ಸೈಕಾಲಜಿ ಪಿಎಚ್‌ಡಿಗೆ ದೊಡ್ಡ ಹೆಸರು ನೋಡ್ಲಾ, ಗಟ್ಟಿ ಕೆಲಸ ನೋಡ್ಲಾ?

ಎಲ್ರಿಗೂ ನಮಸ್ಕಾರ, ಅಮೆರಿಕದಲ್ಲಿ ಸೋಷಿಯಲ್ ಸೈಕಾಲಜಿ ಪಿಎಚ್‌ಡಿಗೆ ಎರಡು ಕಡೆ ಸೀಟ್ ಸಿಕ್ಕಿದೆ, ಏಪ್ರಿಲ್ 15ರೊಳಗೆ ಹೇಳ್ಬೇಕು. ಒಂದು ಭಾರೀ ಹೆಸರಿನ ಯೂನಿವರ್ಸಿಟಿ, ಆದ್ರೆ ಅಲ್ಲಿನ ಗೈಡ್ ಪೇಪರ್‌ಗಳನ್ನ ಕೂತು ಓದಿದ್ರೆ ಪ್ರಯೋಗದಲ್ಲಿ ಗುಂಪಿಗೆ 20 ಜನ ಸ್ಟೂಡೆಂಟ್ಸ್ ಅಷ್ಟೇ, ಪಿ ವ್ಯಾಲ್ಯೂ (ನಿಜವಾಗಿ ಪರಿಣಾಮ ಇಲ್ದಿದ್ರೂ ಇಂಥ ರಿಸಲ್ಟ್ ಬರೋ ಸಂಭವ) ಎಲ್ಲಾ 0.04 ಆಸುಪಾಸು, ಅಂದ್ರೆ 0.05ರ ಮಿತಿಗೆ ಅಂಚಲ್ಲೇ ಪಾಸು, ಡೇಟಾ ಕೇಳಿ ಎರಡು ಸಲ ಮೇಲ್ ಹಾಕಿದ್ರೂ ಉತ್ತರ ಇಲ್ಲ. 2015ರಲ್ಲಿ ಬಂದ ವರದಿ ಪ್ರಕಾರ ಸೈಕಾಲಜಿಯ 100 ಸ್ಟಡಿಗಳನ್ನ ಮತ್ತೆ ಮಾಡಿ ನೋಡಿದಾಗ ಸುಮಾರು 36% ಮಾತ್ರ ನಿಂತವು ಅಂತ ಗೊತ್ತಾದ್ಮೇಲಂತೂ ನಿದ್ದೆ ಬರ್ತಿಲ್ಲ. ಇನ್ನೊಂದಕ್ಕೆ ಅಷ್ಟು ಹೆಸರಿಲ್ಲ, ಆದ್ರೆ ಡೇಟಾ ಪೂರ್ತಿ ಓಪನ್, ಪ್ರೀ-ರಿಜಿಸ್ಟ್ರೇಷನ್ನೂ (ಸ್ಟಡಿ ಶುರು ಮಾಡೋ ಮುಂಚೆನೇ ಪ್ಲಾನ್ ಬರೆದು ದಾಖಲು ಮಾಡೋದು) ಮಾಡ್ತಾರೆ. ಸೀನಿಯರ್ಸ್ "ಹೆಸರಿದ್ರೇನೇ ಕೆಲಸ ಸಿಗೋದು ಕಣಮ್ಮ" ಅಂತಾರೆ, ಅದೂ ಸುಳ್ಳಲ್ಲ. ಈ ಫೀಲ್ಡಲ್ಲಿ ಇರೋರು ಹೇಳಿ, ಹೆಸರಿಲ್ಲದ ಕಡೆ ಒಳ್ಳೆ ರಿಸರ್ಚ್ ಮಾಡಿದ್ರೆ ಆಮೇಲೆ ಫ್ಯಾಕಲ್ಟಿ ಕೆಲಸ ಸಿಗುತ್ತಾ?