ದಮ್ಮು ಹತ್ತುವವರಿಗೆ ವ್ಯಾಯಾಮ ಹೇಗೆ ಮಾಡಿಸಿದಿರಿ?

ಬೀದರ್‌ನಿಂದ ಪ್ರಶ್ನೆ: ಅಪ್ಪಾಜಿಗೆ 66 ವರ್ಷ. ಐಪಿಎಫ್ ಅಂದಿದ್ದಾರೆ. ಶ್ವಾಸಕೋಶ ಕಲೆಗಟ್ಟಿ ಬಿರುಸಾಗುತ್ತಾ ಹೋಗುವ ಅಪರೂಪದ ಕಾಯಿಲೆ. ಡಾಕ್ಟರು ಪಲ್ಮನರಿ ರಿಹ್ಯಾಬ್, ಅಂದರೆ ಶ್ವಾಸಕೋಶದ ರೋಗಿಗಳಿಗೆ ಹೇಳಿಕೊಡುವ ವ್ಯಾಯಾಮ, ಉಸಿರಾಟದ ತರಬೇತಿ ಮಾಡಿಸಿ ಅಂತಾರೆ. ಸ್ನಾನ ಮಾಡಿ ಬಂದರೇ ಮಂಚಕ್ಕೆ ಒರಗುವವರಿಗೆ ವ್ಯಾಯಾಮ ಹೇಗೆ? ನೋಡಿಕೊಳ್ಳಲು ಒಬ್ಬಳೇ ಮಗಳು ನಾನು. ಮಾಡಿಸಿದವರು ದಯವಿಟ್ಟು ಹೇಳಿ.

ಕಲಬುರಗಿಯಿಂದ: ಅಕ್ಕಾರೆ, ನಮ್ಮ ಅವ್ವನಿಗೂ ಇದೇ ಇದೆ. ದಮ್ಮು ಹತ್ತುತ್ತದೆ ಅಂತ ನೀರಿನ ಲೋಟವನ್ನೂ ಮಂಚಕ್ಕೇ ಕೊಡುತ್ತಿದ್ದೆ. ಎರಡು ತಿಂಗಳಲ್ಲಿ ಅವಳ ತೊಡೆ ಸೊರಗಿಹೋಯಿತು. ಕಾಲು ಸೋತರೆ ದಮ್ಮು ಇನ್ನೂ ಬೇಗ ಹತ್ತುತ್ತದೆ ಅನ್ನೋದು ಫಿಸಿಯೋ ಮೇಡಂ ಹೇಳಿದ ಮೇಲೇ ತಿಳಿದದ್ದು. ವ್ಯಾಯಾಮದಿಂದ ಶ್ವಾಸಕೋಶದ ಕಲೆ ಹೋಗುವುದಿಲ್ಲ. ಆದರೆ ಕಾಲಿಗೆ ಬಲ ಬರುತ್ತದೆ, ಇರುವ ಉಸಿರಿನಲ್ಲೇ ನಾಲ್ಕು ಹೆಜ್ಜೆ ಜಾಸ್ತಿ ಹೋಗಬಹುದು.

ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ. 30 ಮೀಟರ್ ಕಾರಿಡಾರಿನಲ್ಲಿ ಹೋಗಿ ಬರಲು ಹೇಳುತ್ತಾರೆ. ಕೂತಾಗ ಶೇಕಡಾ 95 ಇದ್ದ ಅವ್ವನ ರಕ್ತದ ಆಕ್ಸಿಜನ್ ನಡೆದಾಗ 84ಕ್ಕೆ ಇಳಿಯಿತು. ಮನೆಯಲ್ಲಿ ಕೂರಿಸಿಯೇ ನೋಡುತ್ತಿದ್ದೆವು, ನಮಗೆ ಗೊತ್ತೇ ಆಗಿರಲಿಲ್ಲ. ಹಾಗಾಗಿ ನಡೆಯುವಾಗ ಆಕ್ಸಿಜನ್ ಬರೆದುಕೊಟ್ಟರು.

ವಾರಕ್ಕೆ ಎರಡು ದಿನ ಆಸ್ಪತ್ರೆಯಲ್ಲಿ, ಎಂಟು ವಾರ. ಉಳಿದ ದಿನ ಮನೆಯಲ್ಲಿ. ನಮ್ಮ ಪಡಸಾಲೆಗೆ ಶಹಾಬಾದ್ ಫರಸಿ ಹಾಕಿದೆ. ಅವ್ವ ಕಲ್ಲು ಎಣಿಸುತ್ತಾ ನಡೆಯುತ್ತಿದ್ದಳು. ಮೊದಲ ದಿನ ಹನ್ನೆರಡು ಕಲ್ಲಿಗೇ ಗೋಡೆ ಹಿಡಿದು ನಿಂತಳು. "ಸಾಕು ಬಿಡವ್ವಾ" ಅಂದಳು. ಕುರ್ಚಿ ಕೊಟ್ಟೆ, ಕೂತಳು, ಮತ್ತೆ ಎದ್ದಳು. ನಿಂತು ನಿಂತು ನಡೆದರೂ ಅದು ಲೆಕ್ಕಕ್ಕೆ ಬರುತ್ತದೆ. ಆಮೇಲೆ ಕುರ್ಚಿಯಿಂದ ಎದ್ದು ಕೂರುವುದು. ಬಿಸಿ ಚಹಾ ಊದುವ ಹಾಗೆ ಉಸಿರು ಬಿಡುತ್ತಾ ಏಳಬೇಕು, ಎಳೆದುಕೊಳ್ಳುತ್ತಾ ಕೂರಬೇಕು. ಉಸಿರು ಕಟ್ಟಿ ಏನನ್ನೂ ಎತ್ತಬಾರದು.

ಬೆರಳಿಗೆ ಆಕ್ಸಿಮೀಟರ್ ಇರಲಿ. 88ಕ್ಕೆ ಬಂದರೆ ನಿಲ್ಲಿಸಿ ಅಂತ ನಮಗೆ ಹೇಳಿದ್ದರು. ಅಪ್ಪಾಜಿಗೆ ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ನಿಂತ ಮೇಲೂ ಸ್ವಲ್ಪ ಹೊತ್ತು ಅಂಕಿ ಇಳಿಯಬಹುದು. ಮೇಲೆ ಬರುವ ತನಕ ಕಾಯಿರಿ. ಎದೆ ನೋವು, ತಲೆ ಸುತ್ತು ಬಂದರೆ ಅವತ್ತಿಗೆ ಬಿಡಿ.

ಏಳನೇ ವಾರ ಅವ್ವ ಟೇಬಲ್ ಮೇಲೆ ಎರಡು ಜೋಳದ ರೊಟ್ಟಿ ಬಡಿದು ಕೊಟ್ಟಳು. ಬೇಯಿಸಿದ್ದು ನಾನು. ಆಕ್ಸಿಜನ್ ಹತ್ತಿರ ಬೆಂಕಿ ಸುಳಿಯಬಾರದು, ಅಲ್ವಾ. ಆ ರೊಟ್ಟಿ ತಿನ್ನುವಾಗ ನನಗೆ ಗಂಟಲು ಕಟ್ಟಿತು.

ಯಾದಗಿರಿಯಿಂದ: ತಂಗಿ, ಕಾಯಿಲೆ ನನಗೇ ಇದೆ. ಸ್ನಾನಕ್ಕೆ ಸ್ಟೂಲ್ ಹಾಕು. ಕೈ ಮೇಲೆತ್ತಿ ನೀರು ಸುರಿದುಕೊಂಡರೆ ದಮ್ಮು ಜಾಸ್ತಿ. ಈ ಕಾಯಿಲೆಗೆ ಕೊಡುವ ಪಿರ್ಫೆನಿಡೋನ್ ಮಾತ್ರೆ ಕೊಟ್ಟಿದ್ದರೆ ಬಿಸಿಲು ತಾಗಿಸಬೇಡ, ಚರ್ಮ ಕೆಂಪಾಗಿ ಉರಿಯುತ್ತದೆ. ನಮ್ಮ ಕಡೆ ಬಿಸಿಲು ನಿನಗೆ ಗೊತ್ತೇ ಇದೆ. ಹೊರಗೆ ನಡೆಸುವುದಾದರೆ ಹೊತ್ತು ಮೂಡುವ ಮುಂಚೆ ನಡೆಸು. ತೊಗರಿ ರಾಶಿ ನಡೆಯುವಾಗ ಧೂಳು, ಆಗ ಮನೆಯೊಳಗೇ ಸಾಕು. ಜ್ವರ ಬಂದು ಎರಡು ವಾರ ಬಿಟ್ಟಿದ್ದೆ, ಗಳಿಸಿದ್ದೆಲ್ಲಾ ಇಳಿದುಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಇನ್ನೊಂದು, ಅಪ್ಪಾಜಿ ನಡೆಯುವಾಗ ಜೊತೆಗೆ ನಡೆ, ಆದರೆ ಮಾತಾಡಿಸಬೇಡ. ನಿಮಗೆ ಉತ್ತರ ಕೊಡಲು ಹೋಗಿ ನಮಗೆ ಉಸಿರು ಸಾಲುವುದಿಲ್ಲ.